ಹೊಸ ಸಬ್‌ಮರ್ಸಿಬಲ್ ಮೋಟರ್ ನೀರು ಎತ್ತದಿದ್ದಾಗ ನಾನು ನೋಡಿದ್ದು

ಹುಣಸೂರು ಕಡೆಯ ನಮ್ಮ ಮನೆಯ ಬೋರ್‌ವೆಲ್ 320 ಅಡಿ ಇದೆ. ಹಳೇ ಮೋಟರ್ ಸುಟ್ಟುಹೋದ ಮೇಲೆ ಹೊಸದಾಗಿ ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ತಂದು 260 ಅಡಿಗೆ ಇಳಿಸಿದೆವು. ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅನ್ನುತ್ತಿತ್ತು, ಪೈಪಿನಲ್ಲಿ ಬೆರಳು ದಪ್ಪದ ನೀರು ಮಾತ್ರ. ಆಂಪಿಯರ್ ಮುಳ್ಳು 16 ದಾಟಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಟ್ರಿಪ್. ಮೋಟರಿನ ಮೇಲೆ ಬರೆದಿದ್ದದ್ದು 10 ಆಂಪಿಯರ್.

"ಸಾರ್, ಮೋಟರೇ ಸರಿ ಇಲ್ಲ, ಎತ್ತಿಬಿಡೋಣ" ಅಂದರು ಇಳಿಸಿದ ಹುಡುಗರು. ನಾನು ಬೇಡ ಅಂದೆ. ಎತ್ತಿ ಇಳಿಸುವ ಕೂಲಿ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಎತ್ತುವಾಗ ಕೇಬಲ್ ಕೇಸಿಂಗ್‌ಗೆ (ಬೋರಿನೊಳಗೆ ಇಳಿಸಿದ ದಪ್ಪ ಪೈಪ್) ಉಜ್ಜಿ ಸಿಪ್ಪೆ ಹೋಗುತ್ತದೆ, ಹೊಸ ತೊಂದರೆ ಸೇರಿಕೊಳ್ಳುತ್ತದೆ. ಕೆಳಗಿರುವ ಮೋಟರಿನ ಸ್ಥಿತಿಯನ್ನು ಮೇಲೆ ಪ್ಯಾನೆಲ್ ಬೋರ್ಡಿನ (ಮೋಟರಿನ ಸ್ಟಾರ್ಟರ್ ಪೆಟ್ಟಿಗೆ) ಹತ್ತಿರ ನಿಂತೇ ಬಹಳ ಮಟ್ಟಿಗೆ ತಿಳಿಯಬಹುದು.

ಮೊದಲು ಮೇನ್ ಆಫ್ ಮಾಡಿದೆ. ಪ್ಯಾನೆಲ್ ಒಳಗಿನ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ, ಮೇನ್ ಆಫ್ ಮಾಡಿದ ಮೇಲೂ ಶಾಕ್ ಹೊಡೆಯುತ್ತದೆ, ಹಾಗಾಗಿ ಅದರ ಎರಡು ತುದಿಗೆ ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರ್ ಹಿಡಿದು ಖಾಲಿ ಮಾಡಿಕೊಂಡೆ. ಇದನ್ನು ಬಿಟ್ಟು ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಆಮೇಲೆ ಮೋಟರಿನಿಂದ ಬಂದ ಮೂರು ವೈರ್‌ಗಳನ್ನು ಪ್ಯಾನೆಲ್‌ನಿಂದ ಬಿಚ್ಚಿದೆ. ಒಂದೊಂದು ವೈರಿಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಟ್ಟರೆ ಏನೂ ತೋರಿಸಲಿಲ್ಲ. ಮೆಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ತರಿಸಿ ಮತ್ತೊಮ್ಮೆ ನೋಡಿದ್ದೂ ಆಯಿತು, ಅದರಲ್ಲೂ ಇನ್ಸುಲೇಷನ್ ಚೆನ್ನಾಗಿತ್ತು. ಅಂದರೆ ಕೇಬಲ್ ತೂತಾಗಿಲ್ಲ, ಜಾಯಿಂಟಿಗೆ ನೀರು ಹೋಗಿಲ್ಲ.

ಮುಂದಿನದು ವೈಂಡಿಂಗ್, ಅಂದರೆ ಮೋಟರಿನ ಒಳಗೆ ಸುತ್ತಿದ ಕಾಯಿಲ್‌ನ ಅಳತೆ. ಸಿಂಗಲ್ ಫೇಸ್ ಸಬ್‌ಮರ್ಸಿಬಲ್‌ಗೆ ಮೂರು ವೈರ್: ಕಾಮನ್, ಮೇನ್ (ರನ್ನಿಂಗ್), ಸ್ಟಾರ್ಟಿಂಗ್. ಎರಡೆರಡು ವೈರ್ ಹಿಡಿದು ಓಮ್ಸ್ (ಕರೆಂಟಿಗೆ ಆಗುವ ತಡೆಯ ಅಳತೆ) ನೋಡಿದಾಗ ಸಿಕ್ಕಿದ್ದು 3.2, 5.6 ಮತ್ತು 7.6. ಎಲ್ಲಕ್ಕಿಂತ ಜಾಸ್ತಿ ತೋರಿಸಿದ ಜೋಡಿಯಲ್ಲಿ ಯಾವ ವೈರ್ ಇಲ್ಲವೋ ಅದೇ ಕಾಮನ್. ಕಾಮನ್ನಿಂದ ಕಡಿಮೆ ಓಮ್ಸ್ ತೋರಿಸುವುದು ಮೇನ್, ಜಾಸ್ತಿ ತೋರಿಸುವುದು ಸ್ಟಾರ್ಟಿಂಗ್. ಚಿಕ್ಕವೆರಡನ್ನು ಕೂಡಿದರೆ 8.8 ಆಗುತ್ತದಲ್ಲ, 7.6 ಯಾಕೆ ಅಂತ ಕೇಳಬಹುದು. ಪ್ರತಿ ಅಳತೆಯಲ್ಲೂ ಕೇಬಲ್ಲಿನ ಓಮ್ಸ್ ಸೇರಿರುತ್ತದೆ. 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ 260 ಅಡಿ ಹೋಗಿ ಬರುವುದಕ್ಕೆ ಸುಮಾರು 1.2 ಓಮ್ಸ್. ಕೂಡಿದಾಗ ಅದು ಎರಡು ಸಲ ಬಂತು, ಒಂದು ಸಲದ್ದು ಕಳೆದರೆ ಲೆಕ್ಕ ಸರಿಹೋಗುತ್ತದೆ. ಈ ಲೆಕ್ಕ ಕೂಡಿ ಬಂದಾಗಲೇ ಮೋಟರಿನ ಕಾಯಿಲ್ ಚೆನ್ನಾಗಿದೆ ಅಂತ ನನಗೆ ಧೈರ್ಯ ಬಂದದ್ದು.

ಪ್ಯಾನೆಲ್ ಮುಚ್ಚಳದ ಒಳಗೆ ಅಂಟಿಸಿದ್ದ ಚಿತ್ರದ ಜೊತೆ ಹೋಲಿಸಿದೆ. ಮೇನ್ ಬರಬೇಕಾದ ಜಾಗಕ್ಕೆ ಸ್ಟಾರ್ಟಿಂಗ್ ವೈರ್ ಬಂದಿತ್ತು. ಮೋಟರಿನ ಗಿಡ್ಡ ವೈರ್‌ಗೆ ಫ್ಲಾಟ್ ಕೇಬಲ್ ಸೇರಿಸುವಾಗ ಕೆಳಗೆ ಬಣ್ಣ ಅದಲುಬದಲಾಗಿತ್ತು. ಬಣ್ಣದ ಲೆಕ್ಕವೂ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಬಣ್ಣ ನಂಬುವುದಕ್ಕಿಂತ ಓಮ್ಸ್ ನಂಬುವುದು ಒಳ್ಳೆಯದು. ಹೀಗೆ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ, ಆಂಪಿಯರ್ ಏರುತ್ತದೆ, ನೀರು ಮಾತ್ರ ಸರಿಯಾಗಿ ಬರುವುದಿಲ್ಲ. ಹಾಗೇ ಓಡಿಸುತ್ತಿದ್ದರೆ ಸ್ಟಾರ್ಟಿಂಗ್ ಕಾಯಿಲ್ ಸುಟ್ಟೇ ಹೋಗುತ್ತಿತ್ತು. ಮೇಲೆ ಪ್ಯಾನೆಲ್‌ನಲ್ಲೇ ಎರಡು ವೈರ್ ಬದಲಿಸಿ ಹಾಕಿದೆ. ಮುಳ್ಳು 10ಕ್ಕೆ ಬಂದು ನಿಂತಿತು, ಪೈಪ್ ತುಂಬ ನೀರು ಬಂತು. ಅಮ್ಮ ಬಂದು ಒಂದು ಬೊಗಸೆ ಹಿಡಿದು ನೋಡಿದರು.

ಆದರೆ ಸಂಜೆ ಮೋಟರ್ ಸ್ಟಾರ್ಟ್ ಆಗಲೊಲ್ಲದು. ಕರೆಂಟ್ ಡಲ್ ಇದೆ ಅಂತ ಸುಮ್ಮನಾಗಬಹುದಿತ್ತು. ಮೀಟರ್ ಬೋರ್ಡಿನಲ್ಲಿ ಒಬ್ಬರನ್ನು ನಿಲ್ಲಿಸಿ, ನಾನು ಪ್ಯಾನೆಲ್ ಹತ್ತಿರ ನಿಂತು, ಸ್ಟಾರ್ಟ್ ಒತ್ತಿದ ಕ್ಷಣದಲ್ಲಿ ಎರಡೂ ಕಡೆ ವೋಲ್ಟೇಜ್ ನೋಡಿದೆವು. ಮೀಟರಿನ ಹತ್ತಿರ ಅಷ್ಟೇನೂ ಇಳಿಯಲಿಲ್ಲ, ಪ್ಯಾನೆಲ್‌ನಲ್ಲಿ ಸುಮಾರು 35 ವೋಲ್ಟ್ ಜಾಸ್ತಿ ಬಿದ್ದುಹೋಯಿತು. ತಪ್ಪು ನಡುವಿನ ವೈರಿನದ್ದು. ಹಳೇ ಸಣ್ಣ ಮೋಟರಿಗೆ ಎಳೆದಿದ್ದ ಒಂದೂವರೆ ಚದರ ಮಿಲಿಮೀಟರ್ ವೈರ್ ಅದು, ಉದ್ದ 40 ಮೀಟರ್. ಹೋಗಿ ಬರುವುದಕ್ಕೆ ಹತ್ತಿರ ಹತ್ತಿರ ಒಂದು ಓಮ್. ಓಡುವಾಗ 10 ಆಂಪಿಯರ್‌ಗೆ 10 ವೋಲ್ಟ್ ಹೋದರೆ ತಡೆದೀತು. ಸ್ಟಾರ್ಟ್ ಆಗುವಾಗ ಮೂರ್ನಾಲ್ಕು ಪಟ್ಟು ಆಂಪಿಯರ್ ಎಳೆಯುತ್ತದಲ್ವಾ, ಆಗಲೇ ಮೋಟರ್ ಸೋಲುವುದು. 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿದೆ. ಸಂಜೆಯೂ ಒಂದೇ ಸಲಕ್ಕೆ ಸ್ಟಾರ್ಟ್ ಆಗತೊಡಗಿತು.

ಇಷ್ಟಾದ ಮೇಲೆ ಕಂಡದ್ದು ಮೋಟರಿನ ತೊಂದರೆಯೇ ಅಲ್ಲ, ಬೋರಿನ ಸ್ವಭಾವ. ಅರ್ಧ ಗಂಟೆ ಓಡಿದ ಮೇಲೆ ನೀರು ಗಾಳಿ ಸೇರಿ ಬುಸುಬುಸು ಉಗುಳುತ್ತಿತ್ತು, ಮುಳ್ಳು 10ರಿಂದ 6ಕ್ಕೆ ಇಳಿದು ಕುಣಿಯುತ್ತಿತ್ತು. ಆಂಪಿಯರ್ ಏರಿದರೆ ಮೋಟರಿಗೋ ವೈರಿಂಗಿಗೋ ತೊಂದರೆ, ಹೀಗೆ ಇಳಿದು ಕುಣಿದರೆ ಹೆಚ್ಚಿನ ಸಲ ಪಂಪಿಗೆ ನೀರು ಸಿಗುತ್ತಿಲ್ಲ ಅಂತ ಅರ್ಥ. ನಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಿಂದ ಜಿನುಗಿದಷ್ಟೇ ನೀರು. ಬೋರ್ ಕೊರೆದಾಗ "ಒಂದೂವರೆ ಇಂಚು ನೀರಿದೆ" ಅಂದಿದ್ದರೂ ಅದು ಆ ದಿನದ ಮಾತು.

20 ಲೀಟರ್ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ಶುರುವಿನಲ್ಲಿ 24 ಸೆಕೆಂಡಿಗೆ ತುಂಬುತ್ತಿತ್ತು, ಗಾಳಿ ಬರುವ ಹೊತ್ತಿಗೆ 40. ಬೋರಿನ ಬಾಯಿ ಹತ್ತಿರದ ಗೇಟ್ ವಾಲ್ವ್ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬಕೆಟ್ 45 ಸೆಕೆಂಡಿಗೆ ತುಂಬುವಂತೆ ಮಾಡಿದೆ. ಆಗ ಗಾಳಿ ನಿಂತಿತು, ಮುಳ್ಳೂ ಅಲುಗಾಡಲಿಲ್ಲ. ಸಾವಿರ ಲೀಟರ್ ಟ್ಯಾಂಕ್ ಮುಕ್ಕಾಲು ಗಂಟೆಯೊಳಗೆ ತುಂಬುತ್ತದೆ, ಮನೆಗೆ ಅಷ್ಟು ಸಾಕು. ವಾಲ್ವ್ ಪೂರ್ತಿ ಮುಚ್ಚಿ ಮೋಟರ್ ಓಡಿಸಬಾರದು, ಒಳಗಿನ ನೀರು ಬಿಸಿಯಾಗಿ ಮೋಟರ್ ಕೆಡುತ್ತದೆ. ಜೊತೆಗೆ ಮೋಟರ್ ನೀರಿಲ್ಲದೆ ಓಡುವುದನ್ನು ತಪ್ಪಿಸುವ ಒಂದು ಡ್ರೈ ರನ್ ಕಟ್‌ಆಫ್ ಕೂಡ ಹಾಕಿಸಿದೆ, ಆಂಪಿಯರ್ ಇಳಿದರೆ ಅದು ತಾನಾಗಿ ಆಫ್ ಮಾಡುತ್ತದೆ.

ಈಗ ಪ್ಯಾನೆಲ್ ಮುಚ್ಚಳದ ಒಳಗೆ ಮೂರು ವೈರಿನ ಓಮ್ಸ್, ಓಡುವಾಗಿನ ಆಂಪಿಯರ್ ಮತ್ತು ವೋಲ್ಟೇಜ್, ಬಕೆಟ್ ತುಂಬುವ ಸಮಯ ಎಲ್ಲ ತಾರೀಖು ಸಮೇತ ಬರೆದಿಟ್ಟಿದ್ದೇನೆ. ಮುಂದೆ ಯಾರೇ ರಿಪೇರಿಗೆ ಬಂದರೂ ಮೊದಲು ಅದನ್ನು ಓದಿಸಿ, ಹೊಸ ಅಳತೆಯ ಜೊತೆ ಹೋಲಿಸಿದ ಮೇಲೆಯೇ ಮೋಟರ್ ಎತ್ತುವ ಮಾತು.