ತೊಗರಿ ಹೊಲ ತೋರ್ಸೋದು ಹೆಂಗ: ನನ್ನ ಅನುಭವ

ನಮ್ಮದು ಸಿಂದಗಿ ಕಡೆ ಹೊಲ, ತೊಗರಿನೇ ಮುಖ್ಯ ಬೆಳಿ. ಕೆಲವು ವರ್ಷದಿಂದ ಸುತ್ತಲ ಊರಿನ ರೈತರನ್ನ ನಮ್ಮ ಹೊಲಕ್ಕ ಕರದು ಸಮಗ್ರ ಕೀಟ ನಿರ್ವಹಣೆ (ಬರೇ ಕೀಟನಾಶಕ ನಂಬದ, ಹಲವು ದಾರೀಲೆ ಹುಳ ಹತೋಟಿ) ಹೆಂಗ ಮಾಡ್ತೀವಿ ಅಂತ ತೋರಿಸ್ತೀನಿ. ನೀವೂ ನಿಮ್ಮೂರಾಗ ಹಿಂಗ ಮಾಡೋರಿದ್ರ ಉಪಯೋಗ ಆಗ್ಲಿ ಅಂತ ಬರಿಯಾಕತ್ತೀನಿ.

ಕರಿಯೋದು ಹೂ ಬಿಟ್ಟು ಮಿಡಿ ಹಿಡಿಯೋ ಟೈಮಿಗೆ, ಅಂದ್ರ ಅಕ್ಟೋಬರ್-ನವೆಂಬರದಾಗ, ಅದೂ ಮುಂಜಾನೆನೇ. ಬಿಸಿಲು ಏರಿದ್ಮ್ಯಾಲ ಯಾರೂ ಗಿಡದ ಮುಂದ ಬಗ್ಗಿ ನೋಡಂಗಿಲ್ಲ, ನೆಳ್ಳು ಹುಡುಕ್ತಾರ.

ಭಾಷಣ ಬ್ಯಾಡ. ಸಾಲಿನ ನಡುವ ತಾಡಪತ್ರಿ ಹಾಸಿ ಗಿಡ ಮೆಲ್ಲಕ ಅಲುಗಾಡಿಸ್ಬೇಕು, ಜೋರಾಗಿ ಅಲ್ಲ, ಹೂ ಉದುರ್ತಾವ. ಆಮ್ಯಾಲ ಬಂದೋರಾಗ ವಯಸ್ಸಾದವ್ರ ಒಬ್ರಿಗೆ "ಕಾಕಾರ, ಎಷ್ಟು ಬಿದ್ದಾವ ನೀವ ಎಣಸ್ರಿ" ಅಂತೀನಿ. ಕೀಡಿ ಹಸಿರೂ ಇರ್ತಾವ, ಕಂದೂ ಇರ್ತಾವ, ಎಲ್ಲಾ ಒಂದೇ ಕಾಯಿಕೊರಕ ಅಂದ್ರ ಭಾಳ ಮಂದಿ ನಂಬಂಗಿಲ್ಲ, ಅವಾಗ ಕಾಯಾಗ ತಲಿ ತೂರಿಸಿ ಅರ್ಧ ಮೈ ಹೊರಗ ಬಿಟ್ಟು ತಿನ್ನೋದನ್ನ ಗಿಡದಾಗನ ತೋರಿಸ್ತೀನಿ. ಅದೇ ತಾಡಪತ್ರಿ ಮ್ಯಾಲ ಗುಲಗಂಜಿ ಹುಳ, ಜೇಡನೂ ಬಿದ್ದಿರ್ತಾವ, ಇವು ಹುಳ ತಿನ್ನೋ ನಮ್ಮ ದೋಸ್ತರು, ಎಣ್ಣಿ (ಕೀಟನಾಶಕ) ಹೊಡದ್ರ ಮೊದ್ಲು ಸಾಯೋದು ಇವೇ. ನನಗ ಇಡೀ ದಿನದಾಗ ಮುಖ್ಯ ಅನ್ಸೋದು ಈ ತಾಡಪತ್ರಿನೇ, ಇದರ ಸುತ್ತ ಎಷ್ಟು ಹೊತ್ತು ಕುಂತ್ರೂ ಲಾಭ ಐತಿ.

ಲೆಕ್ಕ ಸರಳ ಐತ್ರಿ, ಗಿಡಕ್ಕ ಎರಡು ಮೊಟ್ಟಿ ಇಲ್ಲಾ ಒಂದು ಕೀಡಿ ಕಂಡ್ರ ಕ್ರಮ ತಗೋಬೇಕು, ಅದಕ್ಕಿಂತ ಕಡಿಮಿ ಇದ್ರ ಪಂಪ್ ಮನ್ಯಾಗ ಇರ್ಲಿ. ಮೊಟ್ಟಿ ಗಸಗಸಿಕಿಂತ ಸಣ್ಣವು, ಮೊಗ್ಗಿನ ಮ್ಯಾಲ ಇರ್ತಾವ, ಭೂತಗನ್ನಡಿ ಬೇಕಾಗ್ತದ. ಈ ಕೀಡಿಯ ಪತಂಗ ಬಂದಾವೋ ಇಲ್ಲೋ ನೋಡಾಕ ಎಕರೆಕ್ಕ ಎರಡು ಮೋಹಕ ಬಲಿ (ವಾಸನಿಲೆ ಗಂಡು ಪತಂಗ ಸೆಳಿಯೋ ಬಲಿ) ಸಾಕು.

ಹಕ್ಕಿ ಕೂಡಾಕ ಎಕರೆಕ್ಕ ಇಪ್ಪತ್ತರಂಗ ಕಟಗಿ ನೆಟ್ಟೀನಿ. ಇದೇನ್ ಮಾಡ್ತದ ಅಂತ ಕೇಳಿದ್ರ ಕಟಗಿ ಬುಡಕ ಬಿದ್ದ ಬಿಳಿ ಹಿಕ್ಕಿ ತೋರಿಸ್ತೀನಿ, ಕಾಜಾಣ, ಬೆಳ್ಳಕ್ಕಿ ಬಂದು ಹೋಗ್ಯಾವ ಅಂತ ಅದೇ ಹೇಳ್ತದ. ಹಿರ್ಯಾರು ಇದನ್ನ ಲಗೂನ ಒಪ್ತಾರ, ಸೀಗಿ ಹುಣ್ಣಿಮಿಗೆ, ಎಳ್ಳ ಅಮಾಸಿಗೆ ಚರಗ (ಭೂಮಿತಾಯಿಗೆ ಎಡಿ ಮಾಡಿದ ಅಡಗಿ) ಹೊಲದ ತುಂಬ ಚೆಲ್ಲಿದ್ರ ಹಕ್ಕಿ ಹೊಲಕ್ಕ ಬರ್ತಾವ, ಬಂದ್ವು ಹುಳಾನೂ ತಿಂದು ಹೋಗ್ತಾವ ಅಂತ ಅವ್ರೇ ಉಳಿದವ್ರಿಗೆ ತಿಳಿಸಿ ಹೇಳ್ತಾರ.

ಬೇವಿನ ಬೀಜದ ಕಷಾಯ ಮನಿ ಹತ್ರನೇ ತೋರಿಸ್ತೀವಿ, 5 ಕೆಜಿ ಬೀಜದ ತಿರುಳು ಕುಟ್ಟಿ ಬಟ್ಟ್ಯಾಗ ಕಟ್ಟಿ ರಾತ್ರಿ ನೀರಾಗ ನೆನಸಿ, ಮುಂಜಾನೆ ಹಿಂಡಿ ಸೋಸಿ, ಒಂದಿಷ್ಟು ಸಾಬೂನು ಕೂಡಿಸಿ 100 ಲೀಟರ್ ಮಾಡೋದು, ಅಷ್ಟೇ.

ಎನ್‌ಪಿವಿ ನಂಜಾಣು (ಕೀಡಿಗೆ ಜಡ್ಡು ಹಚ್ಚಿ ಕೊಲ್ಲೋ ವೈರಸ್) ಹೊಡಿಯೋದಂತೂ ಸಂಜಿಗೇ, ಬಿಸಿಲಿಗೆ ಅದರ ಶಕ್ತಿ ಹೋಗ್ತದ. ಸಣ್ಣ ಕೀಡಿ ಇದ್ದಾಗ ಹೊಡಿಬೇಕು, ಬಲಿತವನ್ನ ಅಲುಗಾಡಿಸಿ ಆರಿಸಿ ಹಾಕೋದೇ ಚಲೋ. ಹೊಡದ ಸಾಲಿಗೆ ಕೆಂಪು ಅರಿವಿ ಕಟ್ಟಿ, ಅದೇ ಮಂದಿನ್ನ ಒಂದು ವಾರ ಬಿಟ್ಟು ಮತ್ತ ಕರಸ್ತೀನಿ. ಇದನ್ನ ಯಾರೂ ತಪ್ಪಿಸ್ಬ್ಯಾಡ್ರಿ. ಎಣ್ಣಿ ಹೊಡದು ರೂಢಿ ಇದ್ದವ್ರು ಮರುದಿನನೇ ಹುಳ ಸಾಯ್ಬೇಕು ಅಂತಾರ, ನಂಜಾಣು ಹಂಗ ಕೆಲಸ ಮಾಡಂಗಿಲ್ಲ, ಹುಳ ಅದನ್ನ ತಿಂದು, ಜಡ್ಡು ಹತ್ತಿ, ತಿನ್ನೋದು ಬಿಟ್ಟು ಸಾಯಾಕ ನಾಕೈದು ದಿನದ ಮ್ಯಾಲೇ ಬೇಕು. ವಾರ ಬಿಟ್ಟು ಬಂದ್ರ ಗಿಡದ ತುದಿಗೆ ಕೀಡಿ ತಲಿ ಕೆಳಗಾಗಿ ಜೋತು ಬಿದ್ದಿರ್ತಾವ, ಮುಟ್ಟಿದ್ರ ಒಡದು ನೀರು ಬರ್ತದ. ಅದನ್ನ ಕಣ್ಣಿಲೆ ನೋಡಿದವ್ರು ಮುಂದ ಕೇಳೋದು ನಂಜಾಣು ಎಲ್ಲಿ ಸಿಗ್ತದ ಅಂತನೇ, ನಾ ಕೃಷಿ ವಿಜ್ಞಾನ ಕೇಂದ್ರದಾಗ ವಿಚಾರಸ್ರಿ ಅಂತೀನಿ.

ಇನ್ನೊಂದು, ಹೆಣ್ಮಕ್ಕಳನ್ನ ಮರೀಬ್ಯಾಡ್ರಿ, ಕಳೆ ತಗ್ಯಾಕ ಗಿಡದ ಹತ್ರ ದಿನಾ ಇರೋರು ಅವ್ರೇ, ಹುಳ ಮೊದ್ಲು ಅವ್ರ ಕಣ್ಣಿಗೇ ಬೀಳ್ತದ. ಎಣ್ಣಿ ಅಂಗಡಿಯವ್ರನ್ನೂ ಕರೀರಿ, ಯಾವುದು ಹೊಡಿಬೇಕು ಅಂತ ಊರ ಮಂದಿ ಕೇಳೋದು ಅವ್ರನ್ನೇ, ಅವ್ರೂ ತಾಡಪತ್ರಿ ಮುಂದ ಕುಂತು ಎಣಸ್ಲಿ.