ಮಂಡಿಯೊಳಗಿನ ಗುಂಡಿಗೆ ತೇಪೆ: ಆಪರೇಷನ್ ಟೇಬಲ್ಲಿನ ನನ್ನ ಅನುಭವ

ಮಂಡಿನೋವು ಅಂತ ಬರುವವರಲ್ಲಿ ಬಹಳ ಜನರಿಗೆ ನಾನು ಕಾರ್ಟಿಲೇಜ್ ಆಪರೇಷನ್ ಮಾಡುವುದಿಲ್ಲ. ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪು ಪದರ. "ಸಾರ್, ಗ್ರೀಸ್ ಖಾಲಿಯಾಗಿದೆಯಂತೆ. ಹೊಸ ಕಾರ್ಟಿಲೇಜ್ ಹಾಕ್ತಾರಂತಲ್ಲ, ಹಾಕಿಬಿಡಿ" ಅಂತ ಎಂಆರ್‌ಐ ಕವರ್ ಮುಂದಿಡುವ ಅರವತ್ತು ದಾಟಿದವರಿಗೆ ಬೇಡ ಅನ್ನೋದು ಕಷ್ಟ. ಆದರೆ ಅವರ ಮಂಡಿ ಒಂದೇ ಜಾಗದಲ್ಲಿ ಕೆಟ್ಟಿರುವುದಿಲ್ಲ, ಪೂರ್ತಿ ಸವೆದಿರುತ್ತದೆ. ಸುತ್ತ ಗಟ್ಟಿ ಅಂಚೇ ಇಲ್ಲದ ಕಡೆ ತೇಪೆ ನಿಲ್ಲೋದು ಹೇಗೆ?

ಇಂಥ ಸವೆದ ಮಂಡಿಗೆ ಕ್ಯಾಮೆರಾ ಹಾಕಿ, ತೊಳೆದು ಕ್ಲೀನ್ ಮಾಡಿಕೊಡುವುದು ಒಂದು ಕಾಲದಲ್ಲಿ ಜೋರಾಗಿ ನಡೆಯುತ್ತಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರನ್ನು ಸೇರಿಸಿಕೊಂಡು ಮಾಡಿದ ಒಂದು ಪರೀಕ್ಷೆಯ ಫಲಿತಾಂಶ 2002ರಲ್ಲಿ ಬಂತು. ಕೆಲವರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಚರ್ಮದ ಮೇಲೆ ಸುಮ್ನೆ ಗಾಯ ಮಾಡಿ ಹೊಲಿಗೆ. ಎರಡು ವರ್ಷ ನೋಡಿದರೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಹಿರಿಯರಿಗೆ ನಾನು ಮೊದಲು ಹೇಳೋದು ತೂಕ ಇಳಿಸಿ, ತೊಡೆಗೆ ವ್ಯಾಯಾಮ ಮಾಡಿ ಅಂತ. ಅದು ಸಾಲದಾದಾಗ ಮಂಡಿ ಬದಲಿಸುವ ಮಾತು.

ಹಾಗಾದರೆ ಯಾರಿಗೆ ಮಾಡುತ್ತೇನೆ? ಕಬಡ್ಡಿ ಆಡುವ ಒಬ್ಬ ಹುಡುಗನ ಮಂಡಿಯನ್ನೇ ತೆಗೆದುಕೊಳ್ಳೋಣ. ಇಪ್ಪತ್ತರ ಆಚೀಚಿನ ವಯಸ್ಸು, ಸಪೂರ ಮೈಕಟ್ಟು. ಆಡಿ ಬಂದ ರಾತ್ರಿ ಮಂಡಿ ಊದಿಕೊಳ್ಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಒಳಗೆ ಏನೋ ಸಿಕ್ಕಿಕೊಂಡ ಹಾಗೆ. ಎಂಆರ್‌ಐಯಲ್ಲಿ ತೊಡೆ ಮೂಳೆಯ ತುದಿಗೆ, ಒಳಬದಿಯಲ್ಲಿ, ಕಾರ್ಟಿಲೇಜ್ ಕಿತ್ತುಹೋದ ಒಂದೇ ಒಂದು ಗುಂಡಿ. ಉಳಿದದ್ದೆಲ್ಲ ಚೆನ್ನಾಗಿತ್ತು.

ಇಷ್ಟು ನೋಡಿ ಟೇಬಲ್ಲಿಗೆ ಕರೆದೊಯ್ಯುವುದಿಲ್ಲ. ಹುಡುಗನನ್ನು ನಿಲ್ಲಿಸಿ ಸೊಂಟದಿಂದ ಹಿಮ್ಮಡಿ ಗಂಟಿನ ತನಕ ಉದ್ದಕ್ಕೆ ಒಂದು ಎಕ್ಸ್‌ರೇ ತೆಗೆಸಿದೆ. ಕಾಲು ಬಿಲ್ಲಿನಂತೆ ಬಾಗಿದ್ದರೆ ಮೈಭಾರವೆಲ್ಲ ಒಳಬದಿಗೇ ಬೀಳುತ್ತದೆ. ಆಗ ಮೊದಲು ಮೂಳೆ ಕತ್ತರಿಸಿ ನೆಟ್ಟಗೆ ಮಾಡಬೇಕು, ಇಲ್ಲದಿದ್ದರೆ ಎಂಥ ತೇಪೆಯೂ ಕಿತ್ತು ಬರುತ್ತದೆ. ಇವನ ಕಾಲು ನೆಟ್ಟಗಿತ್ತು. ಮೂಳೆಗೆ ಮೂಳೆಯನ್ನು ಬಿಗಿದಿಡುವ ಲಿಗಮೆಂಟುಗಳೂ ಗಟ್ಟಿಯಾಗಿದ್ದವು.

"ವಯಸ್ಸಿನ ಹುಡುಗ ಅಲ್ವಾ ಸಾರ್, ತಾನಾಗೇ ಕೂಡಿಕೊಳ್ಳಲ್ವಾ?" ಅಂತ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮೂಳೆ ಮುರಿದರೆ ಕೂಡುತ್ತದೆ, ಯಾಕೆಂದರೆ ಅಲ್ಲಿ ರಕ್ತ ಓಡಾಡುತ್ತದೆ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಕಾರ್ಟಿಲೇಜ್ ಪದರಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹೋದ ಜಾಗ ಹೋದ ಹಾಗೇ ಇರುತ್ತದೆ.

ಆಪರೇಷನ್ನಿನಲ್ಲಿ ಮೊದಲು ಮಂಡಿಚಿಪ್ಪಿನ ಕೆಳಗೆ, ಆಚೆ ಈಚೆ ಎರಡು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಕೊಕ್ಕೆಯಂಥ ಕಡ್ಡಿ. ಒಳಗೆ ಸಲೈನ್ ಹರಿಯುತ್ತಿರುತ್ತದೆ. ಒಳ್ಳೆಯ ಕಾರ್ಟಿಲೇಜ್ ಬೆಳ್ಳಗೆ ಹೊಳೆಯುತ್ತದೆ, ಕಡ್ಡಿಯಿಂದ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ. ಕೆಟ್ಟ ಜಾಗದಲ್ಲಿ ಎಳೆಗಳು ಬಿಟ್ಟುಕೊಂಡು ಒದ್ದೆ ಹತ್ತಿಯ ಹಾಗೆ ನೀರಲ್ಲಿ ತೇಲುತ್ತಿರುತ್ತವೆ. ಈ ಸಡಿಲವನ್ನೆಲ್ಲ ಕೆರೆದು, ಗಟ್ಟಿ ಅಂಚು ಸಿಗುವ ತನಕ ಹೋಗಬೇಕು. ಹಾಗೆ ಹೋದಾಗ ಗುಂಡಿ ಹೆಚ್ಚಾಗಿ ಎಂಆರ್‌ಐ ತೋರಿಸಿದ್ದಕ್ಕಿಂತ ದೊಡ್ಡದೇ ಆಗಿರುತ್ತದೆ. ಇವನದು ಅಳೆದಾಗ ಸುಮಾರು ಒಂದೂವರೆ ಚದರ ಸೆಂಟಿಮೀಟರ್ ಬಂತು.

ಇಷ್ಟು ಗುಂಡಿಗೆ ಸುಲಭದ ದಾರಿ ಮೈಕ್ರೋಫ್ರಾಕ್ಚರ್. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಬಳಕೆಗೆ ತಂದದ್ದು. ಬರಿದಾದ ಮೂಳೆಗೆ ಮೂರು ನಾಲ್ಕು ಮಿಲಿಮೀಟರಿಗೊಂದರಂತೆ ಚುಚ್ಚಿ, ನೀರಿನ ಪಂಪ್ ನಿಲ್ಲಿಸಿದರೆ ಪ್ರತಿ ತೂತಿನಿಂದ ರಕ್ತ, ಜೊತೆಗೆ ಮಜ್ಜೆಯ ಜಿಡ್ಡಿನ ಹನಿ ಏಳುವುದು ಕಾಣುತ್ತದೆ. ಅದು ಹೆಪ್ಪುಗಟ್ಟಿ ನಿಧಾನಕ್ಕೆ ಹೊಸ ಪದರವಾಗುತ್ತದೆ. ಖರ್ಚೂ ಕಡಿಮೆ. ಆದರೆ ಬೆಳೆಯುವುದು ನಾರಿನಂಥ ಕಾರ್ಟಿಲೇಜ್, ಮೂಲದ್ದಲ್ಲ. ಎರಡು ಮೂರು ವರ್ಷ ಚೆನ್ನಾಗಿದ್ದು ಆಮೇಲೆ ಸವೆಯುವುದುಂಟು. ಎಗರಿ ಬೀಳುವ ಆಟದವನಿಗೆ ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ.

ಇನ್ನೊಂದು, ಜೀವಕೋಶ ಬೆಳೆಸಿ ಹಾಕುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1987ರಲ್ಲಿ ಮೊದಲ ಸಲ ರೋಗಿಗೆ ಮಾಡಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡ ಗುಂಡಿಗೆ ಒಳ್ಳೆಯದು. ಆದರೆ ಒಮ್ಮೆ ಕಾರ್ಟಿಲೇಜಿನ ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು, ಕೆಲವು ವಾರ ಬಿಟ್ಟು ಮತ್ತೆ ಆಪರೇಷನ್ ಮಾಡಬೇಕು. ಖರ್ಚು ಲಕ್ಷಗಳಲ್ಲಿ. ಒಂದೂವರೆ ಚದರ ಸೆಂಟಿಮೀಟರಿಗೆ ಇಷ್ಟೆಲ್ಲ ಬೇಡ ಅನ್ನಿಸಿತು.

ನಾನು ಮಾಡಿದ್ದು ಮೊಸಾಯಿಕ್‌ಪ್ಲಾಸ್ಟಿ. ಹಂಗೇರಿಯ ಲಾಸ್ಲೋ ಹಂಗೋಡಿ 1990ರ ದಶಕದಲ್ಲಿ ಬೆಳೆಸಿದ ವಿಧಾನ. ಅದೇ ಮಂಡಿಯಲ್ಲಿ ಭಾರ ಕಡಿಮೆ ಬೀಳುವ ಅಂಚಿನಿಂದ ಮೂಳೆ ಸಮೇತ ಕಾರ್ಟಿಲೇಜಿನ ದುಂಡು ತುಂಡು ಕಿತ್ತು ಗುಂಡಿಯಲ್ಲಿ ಕೂರಿಸುವುದು. ಎಂಟು ಮಿಲಿಮೀಟರ್ ಅಗಲ, ಹದಿನೈದು ಮಿಲಿಮೀಟರ್ ಆಳದ ಮೂರು ತುಂಡು ಸಾಕಾಯಿತು. ಕೊಳವೆ ಉಳಿಯನ್ನು ಮೇಲ್ಮೈಗೆ ನೇರವಾಗಿ ಹಿಡಿಯುವುದರಲ್ಲೇ ಅರ್ಧ ಕೆಲಸ ಇದೆ. ಚೂರು ಓರೆಯಾದರೂ ತುಂಡಿನ ತಲೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಹಾಗಾಗಿ ನಾನು ಬರೀ ಕ್ಯಾಮೆರಾ ನಂಬದೆ ಚಿಕ್ಕದಾಗಿ ಮಂಡಿ ತೆರೆದೇ ಮಾಡುತ್ತೇನೆ. ಗಾಯ ಸ್ವಲ್ಪ ಉದ್ದವಾದರೂ ಪರವಾಗಿಲ್ಲ.

ತುಂಡನ್ನು ಸುತ್ತಿಗೆಯಿಂದ ಜೋರಾಗಿ ಬಡಿಯುವ ಹಾಗಿಲ್ಲ, ಮೇಲಿನ ಜೀವಕೋಶ ಸಾಯುತ್ತವೆ. ಮೆಲ್ಲಗೆ ತಟ್ಟಿ, ಬೆರಳಿಂದ ಒತ್ತಿ, ಕಡ್ಡಿಯನ್ನು ಅಡ್ಡಡ್ಡ ಎಳೆದು ನೋಡುತ್ತೇನೆ. ಎಲ್ಲೂ ಸಿಕ್ಕಬಾರದು. ಕೂದಲೆಳೆಯಷ್ಟು ತಗ್ಗಿದ್ದರೆ ಒಪ್ಪುತ್ತೇನೆ, ಮೇಲೆದ್ದಿದ್ದರೆ ಬಿಡುವುದಿಲ್ಲ. ಮೇಲೆದ್ದ ತುಂಡು ಎದುರಿನ ಮೂಳೆಯನ್ನು ಉಜ್ಜುತ್ತಲೇ ಇರುತ್ತದೆ.

ಆರು ವಾರ ಊರುಗೋಲು, ಪಾದದ ತುದಿ ಮಾತ್ರ ನೆಲಕ್ಕೆ. ಭಾರ ಹಾಕಬಾರದು, ಆದರೆ ಮಂಡಿ ಮಡಿಸಿ ಚಾಚುತ್ತಲೇ ಇರಬೇಕು. ಅಲುಗಾಟದಿಂದಲೇ ಕಾರ್ಟಿಲೇಜಿಗೆ ಆಹಾರ. ಇದಕ್ಕೆಂದೇ ಮಂಡಿ ಆಡಿಸುವ ಮೆಷಿನ್ ಇದೆ. ಇವರಿಗೆ ಬಾಡಿಗೆ ಜಾಸ್ತಿ ಅನ್ನಿಸಿತು. ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಪೌಡರ್ ಉದುರಿಸಿ, ಹಿಮ್ಮಡಿ ಜಾರಿಸುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿಕೊಟ್ಟರು. ತೊಂದರೆಯಾಗಿದ್ದು ಕುಕ್ಕರಗಾಲಲ್ಲಿ ಕೂರಬೇಕಾದ ಮನೆಯ ಶೌಚಾಲಯದಿಂದ. ತೂತು ಮಾಡಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅದು ಬಗೆಹರಿಯಿತು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಡ ಅಂದಾಗ ಮನೆಯ ಅಜ್ಜಿ ಮಾತ್ರ ಗೊಣಗಿದರಂತೆ.

ಒಂಬತ್ತು ತಿಂಗಳಾಗುವ ತನಕ ಅಂಕಣಕ್ಕೆ ಇಳಿಸಲಿಲ್ಲ. ಈಗ ಆಡುತ್ತಾನೆ. ರೈಡ್ ಹೋಗುವಾಗ ಏನೂ ಅನ್ನಿಸಲ್ಲವಂತೆ, ಊತವೂ ಇಲ್ಲ. ಕುಕ್ಕರಗಾಲಲ್ಲಿ ಜಾಸ್ತಿ ಹೊತ್ತು ಕೂತರೆ ಮಾತ್ರ ಚಿಪ್ಪಿನ ಹೊರಬದಿಯಲ್ಲಿ ಸಣ್ಣಗೆ ನೋಯುತ್ತದಂತೆ. ತುಂಡು ಕಿತ್ತ ಜಾಗದ ನೋವು ಅದು. ಅದು ಪೂರ್ತಿ ಹೋಗದೆಯೂ ಇರಬಹುದು. ಈ ಮಾತನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ಅವನಿಗೂ ತಾಯಿಗೂ ಹೇಳಿದ್ದೆ. ಬೇರೆಯವರಿಗೂ ಹಾಗೇ ಹೇಳುತ್ತೇನೆ, ಅದನ್ನು ಕೇಳಿ ಆಪರೇಷನ್ ಬೇಡ ಅಂತ ಎದ್ದು ಹೋದವರೂ ಇದ್ದಾರೆ.