ಹಾಡೋ ಚಿತ್ರವೋ: ಬೇಸರದ ಪರೀಕ್ಷೆ ಕೊಟ್ಟ ಉತ್ತರ

ಬಾಗಲಕೋಟೆ ಸುತ್ತಿನ ಚಿತ್ರಕಲಾ ಶಿಕ್ಷಕರಲ್ಲಿ ನನ್ನ ಬಗ್ಗೆ ಒಂದು ಮಾತಿದೆ: ಈ ಮನುಷ್ಯ ಮಕ್ಕಳಿಗೆ ಕಲೆಯ ಮೇಲೆಯೇ ಬೇಸರ ಬರಿಸುತ್ತಾನೆ. ಮಾತು ಸುಳ್ಳಲ್ಲ. ಮಗು ಯಾವ ಕಲೆಯನ್ನು ಹಿಡಿಯಬೇಕು ಎಂದು ಕಂಡುಕೊಳ್ಳಲು ಬೇಸರ ಬರಿಸುವುದನ್ನೇ ನಾನು ಒಂದು ವಿಧಾನ ಮಾಡಿಕೊಂಡಿದ್ದೇನೆ. ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಇದಕ್ಕೆ ನಕ್ಕವರೇ ಈಗ ತಮ್ಮ ಮಕ್ಕಳನ್ನು ನನ್ನ ಬಳಿ ಕಳಿಸುತ್ತಿದ್ದಾರೆ. ಆದ್ದರಿಂದ ಒಮ್ಮೆ ಬರೆದುಬಿಡೋಣ ಎನ್ನಿಸಿತು. ಪೆನ್ಸಿಲ್ ಹಿಡಿಯುವುದು, ಸ್ವರ ಹಚ್ಚುವುದು ನಿಮಗೆ ಗೊತ್ತಿರುವುದೇ. ಅದೆಲ್ಲ ಇಲ್ಲಿ ಬೇಡ.

ಒಬ್ಬ ಹುಡುಗಿಯ ಕತೆಯನ್ನೇ ಹೇಳುತ್ತೇನೆ. ಆಗ ಒಂಬತ್ತನೆಯ ತರಗತಿ. ತಂದೆಗೆ ನವನಗರದಲ್ಲಿ ಕಿರಾಣಿ ಅಂಗಡಿ. ಅಜ್ಜ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳದಲ್ಲಿ ಹಾರ್ಮೋನಿಯಂ ಹಿಡಿದವರು. ಹುಡುಗಿಗೆ ಕಂಠವೂ ಇದೆ, ಕೈಯೂ ಇದೆ. ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ಕ್ಲಸ್ಟರ್ ಮಟ್ಟದಲ್ಲಿ ಬಹುಮಾನ, ಚಿತ್ರಕಲೆಗೆ ಜಿಲ್ಲಾ ಮಟ್ಟದಲ್ಲಿ ಬಹುಮಾನ. ಹತ್ತನೆಯ ತರಗತಿ ಎದುರಿಗಿದೆ, ಸಂಜೆ ಗಣಿತದ ಟ್ಯೂಷನ್ ಬೇರೆ. ಎರಡರಲ್ಲಿ ಒಂದೇ ಉಳಿಯಲಿ ಎಂದು ತಾಯಿ ಹಟ ಹಿಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಹೇಗೂ ದಾರಿ ಕವಲೊಡೆಯುತ್ತದೆ. ಪಿಯುಸಿ ಕಲಾ ವಿಭಾಗದಲ್ಲಿ ಹಿಂದೂಸ್ತಾನಿ ಸಂಗೀತವನ್ನು ಐಚ್ಛಿಕ ವಿಷಯವಾಗಿ ಓದಬಹುದು, ಕಾಲೇಜಿನಲ್ಲಿ ಅದನ್ನು ಕಲಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ಸಾಕು. ಚಿತ್ರಕಲೆಗೆ ಪಿಯುಸಿಯಲ್ಲಿ ಹಾಗೊಂದು ಜಾಗವಿಲ್ಲ. ಆ ಎರಡು ವರ್ಷ ಅದನ್ನು ಕಾಲೇಜಿನ ಹೊರಗೆ ಕಾಪಾಡಿಕೊಂಡು, ಆಮೇಲೆ ದಾವಣಗೆರೆಗೋ ಮೈಸೂರಿಗೋ ಹೋಗಿ ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ ಸೇರಬೇಕು.

ಮೊದಲು ಕೆಟ್ಟುಹೋದ ಪ್ರಯತ್ನಗಳನ್ನು ಹೇಳುತ್ತೇನೆ, ಹಣ ಹೋದದ್ದು ಅಲ್ಲಿಯೇ.

ಬಹುಮಾನ ನೋಡಿ ಆರಿಸುವುದು ಎಲ್ಲರೂ ಮಾಡುವ ಕೆಲಸ. ಆದರೆ ಕ್ಲಸ್ಟರ್ ಮಟ್ಟದಲ್ಲಿ ಒಂದೊಂದು ಸ್ಪರ್ಧೆಗೆ ನಾಲ್ಕೈದು ಮಕ್ಕಳು ನಿಂತಿರುತ್ತಾರೆ, ಅವರಲ್ಲಿ ಇಬ್ಬರನ್ನು ಆ ದಿನ ಬೆಳಿಗ್ಗೆಯಷ್ಟೇ ಹಿಡಿದು ತಂದಿರುತ್ತಾರೆ. ಅಲ್ಲಿ ಮೊದಲ ಬಹುಮಾನ ಬಂದಿತೆಂದರೆ ಉಳಿದವರು ತಯಾರಾಗಿರಲಿಲ್ಲ ಎಂದೂ ಅರ್ಥವಾಗಬಹುದು. ಹಿಂದೆ ಏಕಪಾತ್ರಾಭಿನಯದಲ್ಲಿ ಗೆದ್ದ ಹುಡುಗನನ್ನು ಎಲ್ಲರೂ ಸೇರಿ ನಾಟಕಕ್ಕೆ ತಳ್ಳಿದೆವು. ಒಬ್ಬನೇ ನಿಂತು ಮಾತಾಡುವಾಗ ಬೆಂಕಿಯಂತಿದ್ದವನು ತಾಲೀಮಿನಲ್ಲಿ ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯಲಾರದೆ ತಿಂಗಳೊಳಗೆ ಬಿಟ್ಟ.

ಎರಡನೆಯದು ಪ್ರಶ್ನಾವಳಿ. ಇಂಟರ್ನೆಟ್ಟಿನಿಂದ ತೆಗೆದು, ಕನ್ನಡಕ್ಕೆ ತಿರುಗಿಸಿ, ಜೆರಾಕ್ಸ್ ಮಾಡಿಸಿ ಒಂದು ಇಡೀ ವರ್ಗಕ್ಕೆ ಹಂಚಿದೆ. ಅಕ್ಕಪಕ್ಕದ ಬೆಂಚಿನವರ ಉತ್ತರಗಳೆಲ್ಲ ಒಂದೇ ಇದ್ದವು. ಮುನ್ನೂರು ರೂಪಾಯಿ ಹೋಯಿತು, ಆ ಹಾಳೆಗಳ ಹಿಂಬದಿಯಲ್ಲಿ ಆರನೆಯ ತರಗತಿಯವರು ಇನ್ನೂ ಚಿತ್ರ ಬಿಡಿಸುತ್ತಿದ್ದಾರೆ.

ಮೂರನೆಯದು ಸಾಮಾನು ಕೊಡಿಸಿ ನೋಡುವುದು. ಇದು ತಂದೆಯರ ರೋಗ. ಈ ಹುಡುಗಿಯ ತಂದೆಯೂ ನನ್ನ ಬಳಿ ಬರುವ ಮೊದಲು ಏಳೆಂಟು ಸಾವಿರದ ಕೀಬೋರ್ಡ್ ತಂದಿದ್ದರು. ಅದರಲ್ಲಿ ಕಂಠದ ಕೆಲಸವೇನೂ ಆಗಲಿಲ್ಲ, ಈಗ ಮಂಚದ ಕೆಳಗಿದೆ.

ಇನ್ನು ನನ್ನ ವಿಧಾನ. ಪ್ರತಿಯೊಂದು ಕಲೆಯಲ್ಲೂ ಯಾರೂ ನೋಡದ, ಯಾರೂ ಚಪ್ಪಾಳೆ ತಟ್ಟದ ಚಾಕರಿಯ ಭಾಗ ಒಂದಿರುತ್ತದೆ. ಮಗುವಿಗೆ ಅದನ್ನು ಮಾತ್ರ ಕೊಡುತ್ತೇನೆ, ಸುಮಾರು ಮೂರು ವಾರ, ದಿನಕ್ಕೆ ಮುಕ್ಕಾಲು ಗಂಟೆ. ಚಿತ್ರಕ್ಕೆ ಒಂದು ಹಿತ್ತಾಳೆ ತಂಬಿಗೆ, ಒಂದೇ ಕಿಟಕಿಯ ಬೆಳಕು, ಎಚ್‌ಬಿ ಮತ್ತು ನಾಲ್ಕು ಬಿ ಪೆನ್ಸಿಲ್. ಬಣ್ಣ ಮುಟ್ಟುವಂತಿಲ್ಲ. ಬಾಯಿಯ ಅಂಡಾಕಾರ ಸರಿಯಾಗಿ ಕೂರುವವರೆಗೆ ಹೊಟ್ಟೆಯ ಕಡೆಗೆ ಇಳಿಯುವಂತಿಲ್ಲ. ಹಾಡಿಗೆ ನಮ್ಮ ಶಾಲೆಯ ಸಂಗೀತ ಶಿಕ್ಷಕಿಯ ನೆರವು ಪಡೆದೆ: ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು ಮಂದ್ರ ಸಾಧನೆ, ಅಂದರೆ ಕೆಳಗಿನ ಸ್ಥಾಯಿಯ ಸ್ವರಗಳ ಅಭ್ಯಾಸ, ಆಮೇಲೆ ಭೂಪ ರಾಗದ ಪಲ್ಟೆಗಳು, ಅಂದರೆ ಸ್ವರಗಳ ಸಾಲುಗಳನ್ನು ಮತ್ತೆ ಮತ್ತೆ ಹಾಡುವುದು, ಅದೂ ನಿಧಾನ ಲಯದಲ್ಲಿ. ರಾಗದ ಚೀಜು (ಬಂದಿಶ್) ಇಲ್ಲ, ವಚನ ಇಲ್ಲ, ಭಾವಗೀತೆ ಅಂತೂ ಇಲ್ಲವೇ ಇಲ್ಲ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಕೂಡ ನಿಷಿದ್ಧ.

ಲೆಕ್ಕ ಬರೆಯುವುದು ತಾಯಿಯ ಕೆಲಸ, ಅಡುಗೆಮನೆಯ ಕ್ಯಾಲೆಂಡರ್ ಮೇಲೆ. ಕೂರದಿದ್ದರೆ ಸೊನ್ನೆ. ಹೊತ್ತು ಮುಗಿಯುವವರೆಗೆ ಕೂತರೆ ಒಂದು ಗೀಟು. ಹೊತ್ತು ಮೀರಿ ಕೂತರೆ, ಅಥವಾ ಯಾರೂ ಹೇಳದೆ ತಾನೇ ಅಳಿಸಿ ಮತ್ತೆ ಮಾಡಿದರೆ, ಆ ಗೀಟಿನ ಮೇಲೊಂದು ಅಡ್ಡಗೀಟು. ಬರೆಯುವಾಗ ಬಾಯಿ ಬಿಡಬಾರದು. ಬೈಗುಳಕ್ಕಿಂತ ಹೊಗಳಿಕೆ ಹೆಚ್ಚು ಹಾಳು ಮಾಡುತ್ತದೆ. ‘ಎಷ್ಟು ಚೆಂದ ಬಿಡಿಸಿದ್ದೀಯವ್ವಾ’ ಎಂದು ಅಜ್ಜಿ ಒಂದು ಸಲ ಅಂದರೆ ಮುಂದಿನ ನಾಲ್ಕು ದಿನದ ಲೆಕ್ಕ ನಂಬುವಂತಿಲ್ಲ, ಹುಡುಗಿ ಅಜ್ಜಿಗಾಗಿ ಕೂತಿರುತ್ತಾಳೆ.

ಮೊದಮೊದಲು ಎರಡೇ ವಾರ ಇಡುತ್ತಿದ್ದೆ. ಸಾಲಲಿಲ್ಲ. ಮೊದಲ ಹತ್ತು ದಿನ ಹೊಸತನದ ಉಮೇದಿನಲ್ಲೇ ಹೋಗುತ್ತದೆ, ಬೇಸರ ಶುರುವಾಗುವುದೇ ಆಮೇಲೆ. ಒಂದನ್ನು ಬೇಸಿಗೆ ರಜೆಯಲ್ಲಿ, ಇನ್ನೊಂದನ್ನು ಪರೀಕ್ಷೆಯ ಹೊತ್ತಿನಲ್ಲಿ ಇಟ್ಟದ್ದೂ ಕೆಟ್ಟಿತು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ನಿಂತರೆ ಯಾವ ಕಲೆಯೂ ಸೋಲುತ್ತದೆ. ಈಗ ದಸರಾ ರಜೆ ಮುಗಿದ ಮೇಲೆ ಒಂದರ ಹಿಂದೆ ಒಂದು ಇಡುತ್ತೇನೆ.

ಈ ಹುಡುಗಿಯ ಕ್ಯಾಲೆಂಡರ್ ಬಂದಾಗ ನಮ್ಮಲ್ಲಿಯೇ ಜಗಳವಾಯಿತು. ಚಿತ್ರದ ವಾರಗಳಲ್ಲಿ ಸೊನ್ನೆಯೇ ಇರಲಿಲ್ಲ, ಸಾಲಾಗಿ ಗೀಟು, ಅಡ್ಡಗೀಟು ಒಂದೋ ಎರಡೋ. ಹಾಡಿನ ವಾರಗಳಲ್ಲಿ ಸೊನ್ನೆಗಳು ಎದ್ದು ಕಾಣುತ್ತಿದ್ದವು, ಆದರೆ ಕೂತ ದಿನವೆಲ್ಲ ಹೆಚ್ಚುಕಡಿಮೆ ಅಡ್ಡಗೀಟು. ಸಂಗೀತ ಶಿಕ್ಷಕಿಯವರೇ, ‘ಸರ್, ಈ ಹುಡುಗಿ ಸೋಮಾರಿ, ನನಗೆ ಬೇಡ, ನೀವೇ ಇಟ್ಟುಕೊಳ್ಳಿ’ ಎಂದರು. ನಾನು ಸೊನ್ನೆ ಎಣಿಸಲಿಲ್ಲ, ಅಡ್ಡಗೀಟು ಎಣಿಸಿದೆ. ಹಾಡಿನ ಅಭ್ಯಾಸ ಬೆಳಗಿನ ಐದೂವರೆಗೆ ಇತ್ತು, ಆ ಹೊತ್ತಿಗೆ ಏಳಲಾಗದಿರುವುದು ನಿದ್ದೆಯ ದೋಷ. ಅಭ್ಯಾಸವನ್ನು ಸಂಜೆ ಟ್ಯೂಷನ್ ಮುಗಿದ ಮೇಲಕ್ಕೆ ತಳ್ಳಿ ಇನ್ನೊಂದು ವಾರ ನೋಡಿದೆ. ಸೊನ್ನೆಗಳು ಹೆಚ್ಚುಕಡಿಮೆ ಮಾಯವಾದವು, ಅಡ್ಡಗೀಟುಗಳು ಉಳಿದವು. ತಂಬಿಗೆಯ ಮುಂದೆ ಆಕೆ ಶಿಸ್ತಿನ ವಿದ್ಯಾರ್ಥಿನಿ, ಗಡಿಯಾರ ನೋಡಿಕೊಂಡು ಏಳುತ್ತಿದ್ದಳು. ಮಂದ್ರದ ಪಂಚಮ ಅಲುಗಿದರೆ ಮಾತ್ರ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಹಾಡೇ ಉಳಿಯಲಿ ಎಂದೆ. ತಂದೆ ಒಪ್ಪಲಿಲ್ಲ. ‘ಸರ್, ಜಿಲ್ಲೆಗೆ ಬಹುಮಾನ ಬಂದದ್ದು ಚಿತ್ರಕ್ಕೆ. ನೀವೇ ಚಿತ್ರದ ಮಾಸ್ತರರು. ನೀವೇ ಬೇಡ ಎಂದರೆ ಹೇಗೆ?’

‘ನಾನು ಎಲ್ಲಿ ಬೇಡ ಎಂದೆ ಯಜಮಾನರೇ? ನಿಮ್ಮ ಅಂಗಡಿಯ ಖಾತೆ ಪುಸ್ತಕವನ್ನು ನಂಬುತ್ತೀರಲ್ಲ, ಹಾಗೆಯೇ ಇದನ್ನೂ ಓದಿ.’

ಕೊನೆಯ ದಿನ ಮಗುವನ್ನು ಒಬ್ಬಳನ್ನೇ ಕೂರಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಬರುವ ಉತ್ತರಕ್ಕಿಂತ ಉತ್ತರ ಬರಲು ಹಿಡಿಯುವ ಹೊತ್ತು ಮುಖ್ಯ. ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಮಕ್ಕಳು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ತಂಬಿಗೆಯನ್ನು ಎರಡನೆಯ ವಾರದಲ್ಲಿ ಏಕೆ ತುಸು ಸರಿಸುತ್ತೇನೆ ಎಂಬುದನ್ನೂ ಕೇಳಬೇಡಿ.

ಹುಡುಗಿ ಈಗ ಪಿಯುಸಿಯಲ್ಲಿ ಹಿಂದೂಸ್ತಾನಿ ಸಂಗೀತ ತೆಗೆದುಕೊಂಡಿದ್ದಾಳೆ, ಸಂಗೀತದ ಜೂನಿಯರ್ ಪರೀಕ್ಷೆಯನ್ನೂ ಒಳ್ಳೆಯ ಅಂಕಗಳಲ್ಲಿ ಮುಗಿಸಿದ್ದಾಳೆ. ಅವಳನ್ನು ಸೋಮಾರಿ ಎಂದಿದ್ದ ಶಿಕ್ಷಕಿಯೇ ಈಗ ಅವಳಿಗೆ ಖಯಾಲ್ ಹೇಳಿಕೊಡುತ್ತಿದ್ದಾರೆ. ಚಿತ್ರದ ಮಾಸ್ತರನೊಬ್ಬ ತನ್ನ ವಿಷಯದ ಜಿಲ್ಲಾ ಮಟ್ಟದ ಹುಡುಗಿಯನ್ನು ತಾನೇ ಹಾಡಿಗೆ ಬಿಟ್ಟುಕೊಟ್ಟದ್ದು ನಮ್ಮ ತಾಲ್ಲೂಕಿನಲ್ಲಿ ಇನ್ನೆಲ್ಲಾದರೂ ನಡೆದಿದ್ದರೆ ಹೇಳಿ.

ನಡುವೆ ಮಾಡಿ ನೋಡಿದ ಬೇರೆ ಪ್ರಯೋಗಗಳೂ ಇವೆ. ಟ್ಯಾಬ್‌ನಲ್ಲಿ ಚಿತ್ರ ಬಿಡಿಸುವ ಪರೀಕ್ಷೆ ಉಪಯೋಗಕ್ಕೆ ಬರಲಿಲ್ಲ. ಬೆರಳಲ್ಲಿ ಒತ್ತಿದರೆ ತಪ್ಪಿದ ಗೆರೆ ಅಳಿಸಿಹೋಗುವಾಗ ತಾಳ್ಮೆಯನ್ನು ಎಲ್ಲಿ ಅಳೆಯುವುದು? ಕಸೂತಿ ಮಾತ್ರ ಅಚ್ಚರಿ ಹುಟ್ಟಿಸಿತು. ಗವಂತಿ ಹೊಲಿಗೆಯಲ್ಲಿ ಗಂಟು ಹಾಕದೆ, ಎಳೆ ಎಣಿಸಿ, ಬಟ್ಟೆಯ ಎರಡೂ ಬದಿ ಒಂದೇ ರೀತಿ ಬರುವಂತೆ ಹಾಕಬೇಕು. ಒಂದು ಎಳೆ ತಪ್ಪಿದರೆ ಬಿಚ್ಚುವುದೇ ದಾರಿ. ಚಿತ್ರದಲ್ಲಿ ನಿಲ್ಲದ ಇಬ್ಬರು ಹುಡುಗರು ಇದರಲ್ಲಿ ನಿಂತರು. ಅವರ ಮನೆಯವರಿಗೆ ಇನ್ನೂ ಹೇಳಿಲ್ಲ. ಬಾದಾಮಿಗೆ ಕರೆದುಕೊಂಡು ಹೋದಾಗ ಮೂರನೆಯ ಗುಹೆಯಲ್ಲಿ ಎಲ್ಲರೂ ವಿಷ್ಣುವನ್ನು ಬಿಡಿಸುತ್ತಿದ್ದರೆ ಒಬ್ಬ ಮಾತ್ರ ಗೇಣು ಹಾಕಿ ಕಂಬಗಳ ನಡುವಿನ ಅಂತರ ಅಳೆಯುತ್ತಿದ್ದ. ಅವನಿಗೆ ಆರ್ಕಿಟೆಕ್ಚರ್ ಪ್ರವೇಶದ ನಾಟಾ ಪರೀಕ್ಷೆಯ ಬಗ್ಗೆ ಹೇಳಿದ್ದೇನೆ, ಕಟ್ಟಡ ವಿನ್ಯಾಸಕ್ಕೆ ಹೋಗಲಿ. ನಾಟಕ ಬೇಕೆನ್ನುವವರಿಗೆ ಬನಶಂಕರಿ ಜಾತ್ರೆಯೇ ಪ್ರಯೋಗಶಾಲೆ. ಕಂಪನಿಗಳು ಅಲ್ಲಿ ತಿಂಗಳು ಹತ್ತಿರ ಬೀಡು ಬಿಟ್ಟಿರುತ್ತವೆ. ಪರಿಚಯದವರನ್ನು ಕೇಳಿಕೊಂಡು ಮಗುವನ್ನು ಪರದೆ ಎಳೆಯುವವನ ಪಕ್ಕ ಕೂರಿಸುತ್ತೇನೆ. ಅದೇ ನಾಟಕವನ್ನು ಮರುದಿನ ಅದೇ ಜಾಗದಿಂದ ನೋಡಲು ಬರುವ ಮಕ್ಕಳು ತೀರ ಕಡಿಮೆ.

ಖರ್ಚಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಚಿತ್ರದ ಮೂರು ವಾರಕ್ಕೆ ಪೆನ್ಸಿಲ್, ಕಾರ್ಟ್ರಿಜ್ ಹಾಳೆ ಸೇರಿ ಇನ್ನೂರೈವತ್ತು ರೂಪಾಯಿ ದಾಟುವುದಿಲ್ಲ. ಹಾಡಿಗೆ ಮೊಬೈಲ್ ಇದ್ದರೆ ಖರ್ಚೇ ಇಲ್ಲ. ತಬಲಾ ಕೇಳಿ ಬರುವವರಿಗಾಗಿ ಹಳೆಯ ಜೋಡಿಯೊಂದನ್ನು ನಾಲ್ಕು ಸಾವಿರದ ಹತ್ತಿರ ಕೊಟ್ಟು ತಂದೆ. ಭಜನಾ ಮಂಡಳಿಯೊಂದು ಮೂಲೆಗೆ ಹಾಕಿದ್ದ ಹಾರ್ಮೋನಿಯಂ ಮೂರೂವರೆ ಸಾವಿರಕ್ಕೆ ಸಿಕ್ಕಿತು, ಗಾಳಿ ಸೋರುತ್ತಿದ್ದದ್ದನ್ನು ಸರಿಪಡಿಸಿ ರೀಡು ಕೂರಿಸಲು ಮತ್ತೊಂದು ಸಾವಿರದ ಮೇಲೆ ಹೋಯಿತು. ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು, ನನ್ನ ಕಿಸೆಯಿಂದಲೇ. ಹೆಂಡತಿಗೆ ಹೇಳಿದ ಮೊತ್ತ ಇದಕ್ಕಿಂತ ಕಡಿಮೆ. ಮೂರು ವಾರ ಮುಗಿಯುವ ಮೊದಲು ಯಾರಿಗೂ ವಾದ್ಯ ಕೊಳ್ಳಲು ಬಿಡುವುದಿಲ್ಲ. ಹೀಗೆ ನಾಲ್ಕೈದು ಮನೆಗಳ ಹಣ ಉಳಿಸಿದ್ದೇನೆ.

ಹಾರ್ಮೋನಿಯಂ ಸದ್ಯ ಗುಳೇದಗುಡ್ಡದ ಒಂದು ಮನೆಯಲ್ಲಿದೆ, ಸಂಕ್ರಾಂತಿಯ ನಂತರ ಮರಳುತ್ತದೆ. ಬೇಕಾದ ಶಿಕ್ಷಕರು ಕೇಳಬಹುದು, ಬಾಡಿಗೆ ಬೇಡ. ತಬಲಾ ಮಾತ್ರ ಕೊಡುವುದಿಲ್ಲ. ಕಳೆದ ಸಲ ಕೊಟ್ಟಾಗ ಎಡಗೈಯ ಬಾಯಾದ ಚರ್ಮದ ಹೊದಿಕೆಯನ್ನು ಇಲಿ ಕಡಿದಿತ್ತು.